ಪಂಚಮಿಗೆ ಹೊರಟ ಅಣ್ಣಂದಿರು

ನಾಗರಪಂಚಮಿಗೆ ನಾಲ್ಕು ದಿನ ಇರುವಾಗ ನಾಲ್ಕು ಲಕ್ಷ ಗಂಡಸರು ತಂಗಿಯರನ್ನು ಕರೆತರುತ್ತೇವೆಂದು ಮನೆ ಬಿಟ್ಟು ಹೊರಟರು. ಮೂರು ದಿನವಾದರೂ ಒಬ್ಬನೂ ತಿರುಗಿ ಬರಲಿಲ್ಲ. ಅವರಲ್ಲಿ ಯಾರ ಮೈಯಲ್ಲೂ ರಕ್ತವಿರಲಿಲ್ಲ ಎಂಬುದು ನಿಜ. ಎಲ್ಲರೂ ‘ಮನೆತನ’ ಎಂಬ ಆಟದೊಳಗಿನ ಜನ. ಆದರೆ ಆ ದಿನಗಳಲ್ಲಿ ನಮ್ಮ ಕಂಪನಿಗೆ ಬರುತ್ತಿದ್ದ ಫೋನುಗಳನ್ನು ನೀವು ಕೇಳಿದ್ದರೆ, ಊರೂರಿನ ಗಂಡುಮಕ್ಕಳೇ ಕಾಣೆಯಾಗಿದ್ದಾರೆಂದು ನಂಬಿಬಿಡುತ್ತಿದ್ದಿರಿ. ಅದಕ್ಕೆಲ್ಲ ಕಾರಣಳಾದವಳು ನಾನು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನನ್ನ ಹೆಸರು ಕಸ್ತೂರಿ ಹಂಚಿನಮನಿ. ಹುಬ್ಬಳ್ಳಿಯಲ್ಲಿ ಹಳೆಯ ಹತ್ತಿ ಜಿನ್ನಿಂಗ್ ಗಿರಣಿಯ ಜಾಗದಲ್ಲಿ ಎದ್ದ ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ಆಫೀಸು. ಅಲ್ಲಿ ಏಳೆಂಟು ಜನ ಸೇರಿ ಕಟ್ಟಿದ ಆಟವದು. ಆಡುವವರಿಗೆ ಒಂದು ಮನೆ, ಅದರೊಳಗೆ ಒಂದು ಎಳೆಯ ಜೋಡಿ ಕೊಡುತ್ತೇವೆ. ಅವರಿಗೆ ಮಕ್ಕಳಾಗುತ್ತವೆ, ಮಕ್ಕಳಿಗೆ ಮಕ್ಕಳಾಗುತ್ತವೆ. ಆಡುವವರು ಮನೆಯ ಹಿರಿಯರಂತೆ ಬುದ್ಧಿ ಹೇಳಬಹುದು, ಓದಿಸಬಹುದು, ಮದುವೆ ಮಾಡಬಹುದು. ಒಳಗಿನವರು ಕೇಳಿಯೇ ಕೇಳುತ್ತಾರೆಂಬ ಖಾತ್ರಿಯೇನೂ ಇಲ್ಲ. ಅವರಿಗೆ ಅವರದೇ ನೆನಪು, ಅವರದೇ ಸಿಟ್ಟು, ಅವರದೇ ಹಟ. ನೀವು ಟಿವಿ ಆರಿಸಿ ಮಲಗಿದರೂ ಅವರು ಬದುಕುತ್ತಲೇ ಇರುತ್ತಾರೆ. ನಮ್ಮ ಒಂದು ದಿನಕ್ಕೆ ಅಲ್ಲಿ ಒಂದು ತಿಂಗಳು. ಹಾಗಾಗಿ ಆಟ ಶುರುವಾದ ಮೂರೇ ವರ್ಷದಲ್ಲಿ ಅಲ್ಲಿ ತೊಂಬತ್ತು ವರ್ಷ ಕಳೆದು ನಾಲ್ಕು ತಲೆಮಾರು ಆಗಿಹೋಗಿದ್ದವು.

ಆ ಜನಕ್ಕೆ ಬದುಕುವುದನ್ನು ಕಲಿಸಿದ್ದು ನಮ್ಮ ಕಡೆಯ ಮನೆಗಳೇ. ಎರಡು ಸಾವಿರದ ಆರುನೂರು ಕುಟುಂಬಗಳು ತಮ್ಮ ವಂಶಾವಳಿಯನ್ನೂ ಮನೆಯ ಕಥೆಗಳನ್ನೂ ನಮಗೆ ಕೊಟ್ಟಿದ್ದವು. ಮುತ್ತಜ್ಜ ಯಾರು, ಯಾರು ಯಾರ ಮೇಲೆ ಸಿಟ್ಟಾಗಿ ಬೇರೆಯಾದರು, ಯಾರು ಬಾವಿ ತೋಡಿಸಿದರು, ಎಲ್ಲವನ್ನೂ. ಯಂತ್ರ ಅವನ್ನು ಓದಿ ಓದಿ, ಒಂದು ಮನೆ ಹೇಗೆ ನಡೆಯುತ್ತದೆ ಎಂಬುದನ್ನು ತಾನೇ ಕಲಿತಿತ್ತು. ಈ ಸಲ ಜನರ ಬೇಡಿಕೆಯಂತೆ ಮೊದಲ ಬಾರಿಗೆ ಪಂಚಮಿ ಹಬ್ಬವನ್ನು ಸೇರಿಸಿದೆವು. ಹಬ್ಬದ ವಾರದಲ್ಲಿ ಮಾತ್ರ ಅಲ್ಲಿಯ ಗಡಿಯಾರ ನಮ್ಮದರ ಜೊತೆಗೇ ನಡೆಯುವಂತೆ ಮಾಡಿದೆವು. ಜೋಕಾಲಿ ಕಟ್ಟಿದೆವು, ಉಂಡಿ ಕಟ್ಟುವುದನ್ನು ಕಲಿಸಿದೆವು. ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ಕರೆತರಬೇಕು ಎಂಬುದನ್ನೂ ಸೇರಿಸಿ, ಬೆನ್ನು ತಟ್ಟಿಕೊಂಡೆವು.

ರೊಟ್ಟಿ ಹಬ್ಬದ ದಿನ, ಅಂದರೆ ಪಂಚಮಿಯ ಹಿಂದಿನ ದಿನ ಬೆಳಿಗ್ಗೆ, ನಾನು ಆಫೀಸಿಗೆ ಹೊರಡುವಾಗ ನಮ್ಮ ಅತ್ತೆ ಪಾರ್ವತೆವ್ವ ಟಿವಿಯ ಮುಂದೆ ಕೂತು ಎಳ್ಳು ಕೇರುತ್ತಿದ್ದರು. ಅವರಿಗೆ ಅರವತ್ಮೂರು ವರ್ಷ. ಮಾವ ತೀರಿಕೊಂಡ ವರ್ಷ ಹೊತ್ತು ಹೋಗಲೆಂದು ನಾನೇ ಅವರಿಗೊಂದು ಮನೆ ಹಾಕಿಕೊಟ್ಟಿದ್ದೆ. ಈಗ ಆ ಮನೆಯಲ್ಲಿ ಹನ್ನೊಂದು ಜನ. ಹನ್ನೊಂದೂ ಜನರ ಹೊಟ್ಟೆನೋವು, ತಲೆನೋವು ಇವರಿಗೆ ಗೊತ್ತು.

“ಕಸ್ತೂರಿ, ನಮ್ಮ ಶಿವಪುತ್ರ ಎಲ್ಲಿ ಹೋಗ್ಯಾನವಾ? ಮಲ್ಲವ್ವನ್ನ ಕರಕೊಂಡು ಬಾ ಅಂತ ಕಳಿಸಿ ಮೂರು ದಿನಾ ಆತು. ಕಟ್ಟಿಕೊಟ್ಟ ಬುತ್ತಿ ಹಳಸಿರ್ತೈತಿ.”

“ಅತ್ತಿ, ಅಂವ ಆಟದಾಗಿನ ಹುಡುಗ.”

“ಗೊತ್ತೈತಿ, ನಾ ಏನ್ ಹುಚ್ಚಿ ಅಲ್ಲ. ಆಟದಾಗ ಹೋದ್ರೂ ಒಂದು ಊರು ಅಂತ ಇರಬೇಕಲ್ಲ. ಯಾವ ಊರಿಗೆ ಹೋಗ್ಯಾನ ಹೇಳು.”

ಮಲ್ಲವ್ವ ಆ ಮನೆಯ ಮೊದಲ ಹೆಣ್ಣುಮಗು. ಈಗಿನ ಶಿವಪುತ್ರನ ಮುತ್ತಜ್ಜನ ತಂಗಿ. ಆಕೆಯನ್ನು ಮದುವೆ ಮಾಡಿ ಕಳಿಸಿ ಆಟದ ಲೆಕ್ಕದಲ್ಲಿ ಎಪ್ಪತ್ತು ವರ್ಷವಾಗಿತ್ತು. ಯಾವ ಊರಿಗೆ ಕಳಿಸಿದೆವೆಂದು ಎಲ್ಲಿಯೂ ಬರೆದ ನೆನಪು ನನಗಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಆಫೀಸಿನ ದೊಡ್ಡ ಪರದೆಯ ಮುಂದೆ ನಮ್ಮ ಮುಖ್ಯಸ್ಥ ಅರವಿಂದ ಕುಬಸದ ಅವರು ತಲೆಯ ಮೇಲೆ ಕೈಹೊತ್ತು ನಿಂತಿದ್ದರು. ಒಳ್ಳೆಯ ಮನುಷ್ಯ, ಸಿಟ್ಟು ಬಂದರೆ ಚಹಾ ಕುಡಿಯುತ್ತಾರೆ. ಅಂದು ಬೆಳಿಗ್ಗೆ ಒಂಬತ್ತಕ್ಕೇ ನಾಲ್ಕನೆಯ ಕಪ್ಪು ನಡೆದಿತ್ತು.

“ಮೇಡಂ, ಯಂತ್ರದ ಮುಕ್ಕಾಲು ಶಕ್ತಿ ಈ ಅಣ್ಣಗಳಽ ತಿನ್ನಾಕತ್ತಾರ. ಹಾದಿ ಹುಡುಕಾಕತ್ತಾರ, ಹುಡುಕಾಕತ್ತಾರ, ಮುಗೀವಲ್ದು. ಹಿಂಗಽ ಆದ್ರ ನಾಳೆ ಹಬ್ಬದ ದಿನಾ ಆಟ ನಿಂತು ಹೋಗ್ತೈತಿ.”

“ಮನಿಗೆ ತಿರುಗಿ ಕಳಸ್ರಿ ಸರ್.”

“ಹೇಳಿ ನೋಡಿದ್ನಿ. ಹೋಗವಲ್ರು. ತಂಗೀನ್ನ ಬಿಟ್ಟು ಹೆಂಗ ಹೋಗೂದು ಅಂತಾರ.”

ಅಂಥ ಹಟವನ್ನು ನಾವ್ಯಾರೂ ಬರೆದಿರಲಿಲ್ಲ. ಮನೆಗಳ ಕಥೆ ಓದಿ ಯಂತ್ರ ತಾನೇ ಕಲಿತದ್ದು. ನಾನು ಕೂತು ಮದುವೆಯ ಭಾಗವನ್ನು ತೆಗೆದು ನೋಡಿದೆ. ಅದನ್ನು ಬರೆದವಳು ನಾನು. ಅರ್ಧ ಗಂಟೆಯಲ್ಲಿ ತಪ್ಪು ಸಿಕ್ಕಿತು.

ಜನ ನಮಗೆ ಕೊಟ್ಟ ವಂಶಾವಳಿಗಳಲ್ಲಿ ಮಗನ ಹೆಸರಿನಿಂದ ಕೆಳಕ್ಕೆ ಗೆರೆಗಳು ಹೊರಡುತ್ತವೆ. ಮಗಳ ಹೆಸರಿನ ಮುಂದೆ ‘ಕೊಟ್ಟಿದೆ’ ಎಂದಿರುತ್ತದೆ, ಗೆರೆ ಅಲ್ಲಿಗೆ ನಿಲ್ಲುತ್ತದೆ. ಎಷ್ಟೋ ಮನೆಗಳವು ಹಾಗೆಯೇ ಇದ್ದವು. ಯಂತ್ರ ಕಲಿತದ್ದೂ ಅದನ್ನೇ: ಮಗಳು ಮದುವೆಯಾಗಿ ಬಾಗಿಲು ದಾಟಿದಳೆಂದರೆ ಮುಗಿಯಿತು. ಇನ್ನು ಗಂಡುಮಗನಿಗೆ ಹೆಂಡತಿ ಬೇಕಾದಾಗ ಹೊಸ ಹುಡುಗಿಯನ್ನು ಆ ಕ್ಷಣಕ್ಕೆ ಹುಟ್ಟಿಸಿ ಕೊಡುವಂತೆ ನಾನು ಬರೆದಿದ್ದೆ. ಆ ಮನೆಯ ಮಗಳನ್ನು ಈ ಮನೆಯ ಸೊಸೆಯಾಗಿ ಜೋಡಿಸುವ ಕೆಲಸ ಕಷ್ಟದ್ದು, ಆಮೇಲೆ ಮಾಡಿದರಾಯಿತೆಂದು ಬಿಟ್ಟಿದ್ದೆ. ಆ ಆಮೇಲೆ ಬರಲೇ ಇಲ್ಲ. ಹೀಗಾಗಿ ಆಟದಲ್ಲಿ ಸೊಸೆಯರಿಗೆ ತವರಿರಲಿಲ್ಲ, ಹೆಣ್ಣುಮಕ್ಕಳಿಗೆ ಗಂಡನ ಮನೆಯಿರಲಿಲ್ಲ. ಮೂರು ವರ್ಷ ಒಬ್ಬರೂ ಅದನ್ನು ಕೇಳಲಿಲ್ಲ. ಸ್ವತಃ ಒಂದು ಮನೆಯ ಮಗಳೂ ಇನ್ನೊಂದು ಮನೆಯ ಸೊಸೆಯೂ ಆದ ನನಗೇ ಹೊಳೆಯಲಿಲ್ಲ ಎಂಬುದು ಇವತ್ತಿಗೂ ನನಗೆ ಅರಗುವುದಿಲ್ಲ.

“ಹಂಗಾರ ಬಾಗಲಾ ದಾಟಿದ ಹೆಣ್ಮಕ್ಕಳು ಎಲ್ಲಿ ಅದಾರ?” ಎಂದು ಕುಬಸದ ಕೇಳಿದರು.

ಹುಡುಕಿದೆವು. ಯಂತ್ರದ ನೆನಪಿನಲ್ಲಿ ಯಾರಿಗೂ ಹಂಚದೆ ಉಳಿದ ಒಂದು ಜಾಗವಿತ್ತು. ನಮ್ಮವರು ಅದಕ್ಕೆ ಬಯಲು ಎನ್ನುತ್ತಿದ್ದರು. ಅಲ್ಲಿ ಮನೆಯಿಲ್ಲ, ಗಿಡವಿಲ್ಲ, ನೆಲಕ್ಕೆ ಬಣ್ಣವಿಲ್ಲ. ಅದನ್ನು ಪರದೆಯ ಮೇಲೆ ತೆರೆದೆವು. ಒಂಬತ್ತು ಲಕ್ಷ ನಲವತ್ತು ಸಾವಿರ ಹೆಣ್ಣುಮಕ್ಕಳು ಮದುವೆಯ ಸೀರೆಯಲ್ಲಿ, ಕಾಲ ಬಳಿ ಒಂದೊಂದು ಟ್ರಂಕು ಇಟ್ಟುಕೊಂಡು, ತಾವು ಬಂದ ಬಾಗಿಲಿನ ಕಡೆ ಮುಖ ಮಾಡಿ ನಿಂತಿದ್ದರು. ಅಲ್ಲಿ ಕಾಲ ನಡೆಯುತ್ತಿರಲಿಲ್ಲವಾದ್ದರಿಂದ ಎಪ್ಪತ್ತು ವರ್ಷದ ಹಿಂದೆ ಬಂದವಳಿಗೂ ಮೊನ್ನೆ ಬಂದವಳಿಗೂ ಇಪ್ಪತ್ತೇ ವಯಸ್ಸು. ಒಬ್ಬಳೂ ಅಳುತ್ತಿರಲಿಲ್ಲ. ಅಳುವುದಕ್ಕೂ ಹೊತ್ತು ಬೇಕು, ಅಲ್ಲಿ ಹೊತ್ತೇ ಇರಲಿಲ್ಲ.

ಕುಬಸದ ಅವರು ಕಪ್ಪನ್ನು ಮೇಜಿನ ಮೇಲಿಟ್ಟರು. ಅವರಿಗೂ ಇಬ್ಬರು ಹೆಣ್ಣುಮಕ್ಕಳು. ಪರದೆಯಿಂದ ಮುಖ ತಿರುಗಿಸಿ ಹೇಳಿದರು: “ಸಂಜಿ ಆರಕ್ಕ ಇವರನ್ನ ಅಳಿಸಿಬಿಡೂಣ್ರಿ. ತಂಗಿ ಇಲ್ಲಂತ ಗೊತ್ತಾದ್ರ ಅಣ್ಣಗಳು ಅತ್ತು ಕರದು ಮನಿಗೆ ಹೋಗ್ತಾರ. ಬ್ಯಾರೆ ಹಾದಿ ಇಲ್ಲ.”

“ಇವರಿಗೆ ಮನಿ ಕಟ್ಟಿಕೊಡೂಣು ಸರ್.”

“ಒಂಬತ್ತು ಲಕ್ಷ ಮನಿ? ಇದ್ದ ಯಂತ್ರಕ್ಕಽ ತೇಕು ಹತ್ತೈತಿ. ಅವು ಜೀವ ಅಲ್ಲ ಮೇಡಂ.”

ಅಲ್ಲ ಎಂದು ನಾನೂ ಮೂರು ವರ್ಷ ಹೇಳಿಕೊಂಡು ಬಂದಿದ್ದೆ. ಅಂದು ಆ ಮಾತು ಬಾಯಿಗೆ ಬರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ. ರೊಟ್ಟಿ ತಾಟಿನಲ್ಲೇ ಉಳಿಯಿತು. ಅತ್ತೆ ಒಂದು ಸಲ ಕೇಳಿದರು, ಎರಡು ಸಲ ಕೇಳಿದರು, ಮೂರನೆಯ ಸಲಕ್ಕೆ ನಾನು ಎಲ್ಲ ಹೇಳಿಬಿಟ್ಟೆ. ಮಲ್ಲವ್ವ ಎಲ್ಲಿದ್ದಾಳೆ, ಆರು ಗಂಟೆಗೆ ಏನಾಗುತ್ತದೆ, ಅದು ಯಾರ ತಪ್ಪು ಎಂಬುದನ್ನೂ.

ಅತ್ತೆ ಬಡಿಸುವುದನ್ನು ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಬೇರೆಯೇ ಏನನ್ನೋ ಹೇಳತೊಡಗಿದರು.

“ನಂದು ಲಗ್ನ ಆದ ವರ್ಷ ನಮ್ಮಣ್ಣ ಫಕೀರಪ್ಪ ನನ್ನ ಕರಿಯಾಕ ಬಂದಿದ್ದ. ಹೊಲದಾಗ ಕಳಿ ತಗಿಯೂ ಕೆಲಸ ಐತಿ, ಈ ವರ್ಷ ಕಳಸೂದಿಲ್ಲ ಅಂದ್ರು ನಮ್ಮತ್ತಿ. ಅಂವ ಕೈ ಮುಗದಾ. ಮಾತಿಗೆ ಮಾತು ಬೆಳೀತು. ಇನ್ನ ಈ ಬಾಗಲಾ ತುಳಿಯೂದಿಲ್ಲ ಅಂತ ಹೇಳಿ ಹೊಳ್ಳಿ ಹೋದ. ನಾ ಒಳಗ ರೊಟ್ಟಿ ಬಡ್ಯಾಕತ್ತಿದ್ನಿ. ಎಲ್ಲಾ ಕೇಳಿಸ್ತು. ಎದ್ದು ಬರೂ ಧೈರ್ಯ ಆಗಲಿಲ್ಲ.”

“ಆಮ್ಯಾಲೆ ಬರಲಿಲ್ಲೇನ್ರಿ ಅವರು?”

“ನಾಲ್ವತ್ತೊಂದು ವರ್ಷ ಆತು. ನಮ್ಮವ್ವ ಸತ್ತ ಸುದ್ದಿ ಸುದ್ಧಾ ಮಣ್ಣಾದ ಮ್ಯಾಲೆ ಬಂತು.”

ಮದುವೆಯಾಗಿ ಬಂದು ಹನ್ನೆರಡು ವರ್ಷವಾದರೂ ನನಗೆ ಇದು ಗೊತ್ತಿರಲಿಲ್ಲ. ಬರಿಗೈಯಲ್ಲಿ ತಿರುಗಿ ಹೋದ ಅಣ್ಣಂದಿರ ಕಥೆಯನ್ನು ಯಾವ ಮನೆಯವರೂ ನಮ್ಮ ಕಂಪನಿಗೆ ಕೊಟ್ಟಿರಲಿಲ್ಲ. ನಮ್ಮ ಮನೆಯಿಂದ ವಂಶಾವಳಿ ಬರೆದುಕೊಂಡು ಹೋಗಿ ಕೊಟ್ಟವಳು ನಾನೇ. ಅದರಲ್ಲೂ ಅದು ಇರಲಿಲ್ಲ.

“ಮಲ್ಲವ್ವಗ ಕಾಲಿಲ್ಲೇನು?” ಎಂದರು ಅತ್ತೆ, ಇದ್ದಕ್ಕಿದ್ದಂತೆ ಜೋರಾಗಿ. “ಅಣ್ಣ ಬರೂತನಾ ಯಾಕ ನಿಲ್ಲಬೇಕು ಅಕಿ? ಬಾಗಲಾ ತಗೀರಿ. ತಾನಽ ಬರ್ತಾಳ.”

“ನೀವ್ಯಾಕ ಹೋಗಲಿಲ್ಲ ಅತ್ತಿ?”

ಅವರು ತಾಟಿನಲ್ಲಿದ್ದ ರೊಟ್ಟಿಯನ್ನು ಮುರಿದು ಮುರಿದು ಪುಡಿ ಮಾಡಿದರು. “ಕರೀದ ಹೆಂಗ ಹೋಗೂದವಾ,” ಎಂದರು.

ನಾನು ಕೈ ತೊಳೆದು ಆಫೀಸಿಗೆ ಓಡಿದೆ. ಅತ್ತೆ ಹೇಳಿದ್ದು ಸರಿಯಾಗಿತ್ತು. ಬಯಲಿಗೆ ಹೋಗುವ ಬಾಗಿಲು ಒಂದೇ ಕಡೆ ತೆರೆಯುತ್ತಿತ್ತು. ಅದನ್ನು ಎರಡೂ ಕಡೆ ತೆರೆಯುವಂತೆ ಮಾಡಿದರೆ ಸಾಕು. ಹೊಸ ಮನೆ ಕಟ್ಟಬೇಕಿಲ್ಲ. ಇದ್ದ ಮನೆಗೆ ಒಬ್ಬಿಬ್ಬರು ಹೆಚ್ಚಾದರೆ ಯಂತ್ರ ತಾಳಿಕೊಳ್ಳುತ್ತದೆ, ಅಣ್ಣಂದಿರೂ ಹುಡುಕಾಟ ನಿಲ್ಲಿಸುತ್ತಾರೆ. ಕುಬಸದ ಒಪ್ಪಿದರು. ಆದರೆ ಆರು ಗಂಟೆಯ ಗಡುವನ್ನು ಸಡಿಲಿಸಲಿಲ್ಲ. ಅಷ್ಟರೊಳಗೆ ಮನೆ ಸೇರಿದವರು ಉಳಿಯುತ್ತಾರೆ, ಬಯಲಿನಲ್ಲೋ ಬಾಗಿಲಲ್ಲೋ ಉಳಿದವರನ್ನು ಅಳಿಸಬೇಕು.

ಒಂದು ತೊಡಕಿತ್ತು. ಮದುವೆಯಾದ ದಿನವೇ ಆ ಹೆಣ್ಣುಮಕ್ಕಳ ಹೆಸರು ಮನೆಯ ಪಟ್ಟಿಯಿಂದ ಹೋಗಿ, ನಮ್ಮ ಹಳೆಯ ಕಡತದಲ್ಲಷ್ಟೇ ಉಳಿದಿತ್ತು. ಪಟ್ಟಿಯಲ್ಲಿ ಇಲ್ಲದವರನ್ನು ಒಳಗೆ ಬಿಡಬಾರದು ಎನ್ನುವುದು ನಮ್ಮ ಕಸುಬಿನಲ್ಲಿ ಕೈಗೆ ಹತ್ತಿದ ಅಭ್ಯಾಸ. ಒಳಗೆ ನಾಲ್ಕು ತಲೆಮಾರು ಕಳೆದಿದೆ, ಎಷ್ಟೋ ಮನೆಗಳಲ್ಲಿ ಗುರುತು ಹಿಡಿಯುವವರು ಯಾರೂ ಉಳಿದಿಲ್ಲ. ಎಲ್ಲರ ಹೆಸರೂ ನೆನಪಿರುವುದು ಹೊರಗೆ ಕೂತು ಆಡುವವರಿಗೆ ಮಾತ್ರ. ಅದಕ್ಕೆ ಅವರ ಪರದೆಯ ಮೇಲೆ ಒಂದು ಪ್ರಶ್ನೆ ಬರುವಂತೆ ಮಾಡಿದೆ: ‘ನಿಮ್ಮ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ. ಈಕೆಯ ಹೆಸರೇನು?’ ಸರಿಯಾದ ಹೆಸರು ಹೇಳಿದರೆ ಒಳಗೆ, ಇಲ್ಲವಾದರೆ ಇಲ್ಲ. ಬಹಳ ಅಚ್ಚುಕಟ್ಟಾದ ಕೆಲಸವೆಂದು ಆಗ ಅನಿಸಿತ್ತು.

ಮೂರು ಗಂಟೆಗೆ ಬಾಗಿಲು ತೆಗೆದೆವು. ಬಯಲಿನಲ್ಲಿ ಮೊದಲ ಬಾರಿ ಕಾಲ ನಡೆಯಿತು. ಯಾರೂ ಅಲುಗಲಿಲ್ಲ. ಒಂದು ನಿಮಿಷದ ಮೇಲೆ ಎಲ್ಲೋ ನಡುವೆ ನಿಂತಿದ್ದ ಒಬ್ಬಳು ಬಗ್ಗಿ ಟ್ರಂಕು ಎತ್ತಿಕೊಂಡಳು. ಆಕೆಯ ಪಕ್ಕದವಳು ಎತ್ತಿಕೊಂಡಳು. ಆಮೇಲೆ ಇಡೀ ಬಯಲೇ ನಡೆಯತೊಡಗಿತು. ಹಾದಿಯಲ್ಲಿ ಅಣ್ಣಂದಿರು ಎದುರಾದರು. ಸಿಕ್ಕಿದವರು ಸಿಕ್ಕಿದವರ ಟ್ರಂಕನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡು ಮನೆಯ ಕಡೆ ತಿರುಗಿದರು. ಕುಬಸದ ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನು ಒರೆಸಿಕೊಳ್ಳುವ ಗೋಜಿಗೆ ಹೋಗದೆ ಅತ್ತುಬಿಟ್ಟೆ.

ಮೂರೂವರೆಗೆ ಮನೆಯಿಂದ ಫೋನು ಬಂತು. “ಬಂದಾಳವಾ,” ಎಂದರು ಅತ್ತೆ. “ಪಡದಿ ಮ್ಯಾಲೆ ಹೆಸರು ಕೇಳಿತು. ಮಲ್ಲವ್ವ ಅಂತ ಒದರಿ ಹೇಳಿದ್ನಿ. ಒಳಗ ಬಂದ್ಲು.” ಇಷ್ಟು ಹೇಳಿ ಇಟ್ಟುಬಿಟ್ಟರು.

ಉಳಿದವರ ಫೋನುಗಳೂ ಶುರುವಾದವು. ಬಾಗಲಕೋಟೆಯ ಒಬ್ಬರು ಸಣ್ಣ ಮಗಳ ಹೆಸರು ನೆನಪಿದೆ, ದೊಡ್ಡವಳದು ಮರೆತಿದೆ, ಸ್ವಲ್ಪ ಹೊತ್ತು ಕೊಡಿ ಎಂದು ಬೇಡಿಕೊಂಡರು. ಕಂಪ್ಲಿಯ ಮಾಸ್ತರರೊಬ್ಬರು ಹೆಂಡತಿಯನ್ನು ಕೇಳಿ ಹೇಳುತ್ತೇನೆಂದು ಫೋನನ್ನು ಹಿಡಿದೇ ಅಡಿಗೆಮನೆಗೆ ಹೋದರು. ಐದೂಕಾಲಿಗೆ ಗದಗಿನಿಂದ ಒಂದು ಹುಡುಗಿ ಮಾತಾಡಿದಳು. ಕಾಲೇಜು ಓದುವವಳಿರಬೇಕು.

“ಈ ಮನಿ ನಮ್ಮಜ್ಜಿ ಆಡ್ತಿದ್ಲು ರೀ. ಹ್ವಾದ ವರ್ಷ ತೀರಿಕೊಂಡ್ಲು. ಈಗ ನಾ ನೋಡ್ಕೋತೀನಿ. ಬಾಗಿಲಾಗ ಯಾರೋ ನಿಂತಾಳ್ರಿ, ಹೆಸರು ನನಗ ಗೊತ್ತಿಲ್ಲ. ಅಜ್ಜಿಗೆ ಗೊತ್ತಿತ್ತು.”

“ಪಟ್ಟಿ ಗಿಟ್ಟಿ ಏನಾದ್ರೂ ಬರದಿಟ್ಟಾರೇನವಾ?”

“ಇಲ್ರಿ. ಯಾರಾದ್ರೇನ್ರಿ ಮೇಡಂ, ಹಬ್ಬಕ್ಕ ಬಂದಾಳ. ಒಳಗ ಕರೀಲೇನು?”

ಅವಳ ಮನೆಯ ವಿವರ ನನ್ನ ಪರದೆಯ ಮೇಲೆ ತೆರೆದಿತ್ತು. ಬಾಗಿಲಲ್ಲಿ ನಿಂತವಳ ಹೆಸರು ನೀಲವ್ವ. ಯಾರಿಗೂ ಹೇಳಿಕೊಡಬಾರದೆಂದು ಎರಡು ಗಂಟೆ ಹಿಂದೆ ನಿಯಮ ಮಾಡಿದವಳೂ ನಾನೇ. ಒಬ್ಬರಿಗೆ ಹೇಳಿದರೆ ಎಲ್ಲರಿಗೂ ಹೇಳಬೇಕು, ಆಗ ಕೇಳುವುದಾದರೂ ಯಾಕೆ ಎಂದು ನನ್ನ ವಾದ.

“ಹೆಸರು ಬೇಕವಾ,” ಎಂದೆ. ಆ ಕಡೆಯಿಂದ ಫೋನು ಕಟ್ಟಾಯಿತು.

ಆರು ಗಂಟೆಗೆ ಒಂಬತ್ತು ಲಕ್ಷ ಮೂವತ್ತಾರು ಸಾವಿರ ಚಿಲ್ಲರೆ ಹೆಣ್ಣುಮಕ್ಕಳು ಮನೆ ಸೇರಿದ್ದರು. ನಾಲ್ಕು ಸಾವಿರದ ಹದಿನಾರು ಜನ ಬಾಗಿಲಲ್ಲೇ ಉಳಿದಿದ್ದರು. ಇಷ್ಟು ದೊಡ್ಡ ಕೆಲಸದಲ್ಲಿ ಇದು ಏನೂ ಅಲ್ಲ ಎಂದು ಕುಬಸದ ಅವರು ಸಮಾಧಾನ ಹೇಳಿದರು. “ಗುಂಡಿ ನಾ ಒತ್ತತೀನಿ, ನೀವು ಮನಿಗೆ ನಡೀರಿ,” ಎಂದೂ ಹೇಳಿದರು. ಬರೆದವಳು ನಾನು, ಒತ್ತಬೇಕಾದವಳೂ ನಾನೇ ಎಂದು ನಾನೇ ಒತ್ತಿದೆ. ಆಟ ಹಗುರಾಗಿ ಓಡತೊಡಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಗೆ ಬಂದಾಗ ಟಿವಿ ಹಾಕಿಯೇ ಇತ್ತು. ಆಟದೊಳಗೆ ಇಪ್ಪತ್ತರ ಮಲ್ಲವ್ವ ಒಲೆಯ ಮುಂದೆ ಕೂತಿದ್ದಳು. ಶಿವಪುತ್ರನೂ, ಆಕೆಗಿಂತ ಎರಡು ಪಟ್ಟು ವಯಸ್ಸಾದ ಅವನ ತಾಯಿಯೂ ಆಕೆಯನ್ನು ಅಜ್ಜಿ ಎಂದು ಕರೆದು ನಗುತ್ತಿದ್ದರು. ಅತ್ತೆ ಅದನ್ನು ನೋಡುತ್ತಿರಲಿಲ್ಲ. ಕೈಚೀಲದಲ್ಲಿ ಉಂಡಿಯ ಡಬ್ಬಿ ಇಡುತ್ತಿದ್ದರು.

“ನಾಳೆ ಊರಿಗೆ ಹೋಗಿ ಬರ್ತೀನಿ.”

“ಯಾವ ಊರಿಗೆ ಅತ್ತಿ?”

“ನನಗ ಎಷ್ಟು ಊರು ಅದಾವು?” ಎಂದರು ಅವರು.

ನಾನೂ ಜೊತೆಗೆ ಹೊರಟೆ. ನವಲಗುಂದದಲ್ಲಿ ಬಸ್ಸು ಬದಲಿಸಿ, ಅತ್ತೆಯ ತವರೂರು ಹೊಸಹಾಳದಲ್ಲಿ ಇಳಿದಾಗ ಹತ್ತೂವರೆ. ಅತ್ತೆ ದಾರಿಯುದ್ದಕ್ಕೂ ಮಾತಾಡಿದವರು ಇಳಿದ ಮೇಲೆ ಬಿರಬಿರನೆ ಮುಂದೆ ನಡೆದರು. ಯಾರನ್ನೂ ದಾರಿ ಕೇಳಲಿಲ್ಲ. ಎರಡು ಓಣಿ ದಾಟಿ, ನೀಲಿ ಬಣ್ಣದ ಬಾಗಿಲಿನ ಮುಂದೆ ಹೋಗಿ ನಿಂತರು. ಕದ ತೆರೆದಿತ್ತು. ಅವರು ಹೊಸ್ತಿಲು ದಾಟಲಿಲ್ಲ, ಕೂಗಲೂ ಇಲ್ಲ. ಬಯಲಿನಲ್ಲಿ ನಿಂತಿದ್ದವರಂತೆಯೇ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ನಿಂತುಬಿಟ್ಟರು.

ಕಡೆಗೆ ಒಬ್ಬ ಸಣ್ಣ ವಯಸ್ಸಿನ ಹೆಂಗಸು ಕೈ ಒರೆಸಿಕೊಳ್ಳುತ್ತ ಬಂದಳು. ಆ ಮನೆಯ ಸೊಸೆಯಿರಬೇಕು. “ಯಾರು ಬೇಕಾಗಿತ್ರಿ?” ಎಂದಳು. ಅತ್ತೆ ಸೆರಗು ಸರಿಮಾಡಿಕೊಂಡರು. “ನಿಮ್ಮ ಹೆಸರೇನ್ರಿ?” ಎಂದಳು ಆಕೆ ಮತ್ತೆ. ನಾನೇ ಹೇಳೋಣವೆಂದು ಬಾಯಿ ತೆರೆದೆ. ಅತ್ತೆ ನನ್ನ ಕೈ ಹಿಡಿದು ಬೇಡವೆಂದರು.

“ಯಾರವಾ ಅದು?” ಒಳಗಿನಿಂದ ಮುದಿ ದನಿಯೊಂದು ಕೇಳಿತು. ಬಾಗಿಲಿನಿಂದ ನನಗೆ ಕಂಡದ್ದು ಹೊರಸಿನ ಮೇಲೆ ಮಲಗಿದ್ದವರ ಪಾದಗಳು ಮಾತ್ರ.

“ಯಾರ‍್ಯೋ ಗೊತ್ತಿಲ್ರೀ ಮಾಂವಾರ. ಒಬ್ರು ವಯಸ್ಸಾದಾಕಿ ಬಂದು ನಿಂತಾರ. ಹೆಸರು ಕೇಳಿದ್ರ ಹೇಳವಲ್ರು.”

“ಪಂಚಮಿ ದಿನಾ ಬಾಗಿಲಾಗ ಬಂದು ನಿಂತ ಹೆಣ್ಮಗಳಿಗೆ ಹೆಸರು ಕೇಳ್ತಾರೇನು?” ಎಂದಿತು ಆ ದನಿ. “ಯಾರಾಗಲಿ, ಈ ಮನಿ ಮಗಳಽ ಅಕಿ. ಮೊದಲ ಒಳಗ ಕರಿ.”

ಸೊಸೆ ಪಕ್ಕಕ್ಕೆ ಸರಿದು, “ಬರ‍್ರಿ,” ಎಂದಳು. ಅತ್ತೆ ಒಳಗೆ ಹೋದರು. ಆಮೇಲೆ ಫಕೀರಪ್ಪನವರು “ಪಾರೂ” ಎಂದದ್ದು ಕೇಳಿಸಿತು.

ನಾನು ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಹಬ್ಬ ಮುಗಿದ ಮರುದಿನ ಆಫೀಸಿಗೆ ಹೋಗಿ ಮೊದಲು ಮಾಡಿದ ಕೆಲಸ ಆ ಪ್ರಶ್ನೆಯನ್ನು ತೆಗೆದುಹಾಕಿದ್ದು. ಈಗ ಮನೆತನದಲ್ಲಿ ಯಾವ ಬಾಗಿಲೂ ಹೆಣ್ಣುಮಗಳ ಹೆಸರು ಕೇಳುವುದಿಲ್ಲ. ಗದಗಿನ ಆ ಹುಡುಗಿಗೂ ನಾನೇ ಫೋನು ಮಾಡಿ ತಪ್ಪಾಯಿತು ಎಂದೆ. ಅವಳು ಸಿಟ್ಟು ಮಾಡಲಿಲ್ಲ. ಬಾಗಿಲಲ್ಲಿ ನಿಂತಿದ್ದವಳ ಹೆಸರು ಏನಿತ್ತು, ಈಗಲಾದರೂ ಹೇಳಬಹುದೇ ಎಂದು ಕೇಳಿದಳು.

ನೀಲವ್ವ ಎಂದು ಹೇಳಿದೆ.